ಇಪ್ಪತ್ತೈದು ವರ್ಷ ದಾಟಿದ ನಮ್ಮನೆ ಟಿವಿ ಗೇಮ್

1999ರ ಬೇಸಿಗೆ ರಜೆಯಲ್ಲಿ ಅಪ್ಪ ಬೆಂಗಳೂರಿನ ಮೆಜೆಸ್ಟಿಕ್‌ನಿಂದ 750 ರೂಪಾಯಿ ಕೊಟ್ಟು ತಂದ ಟಿವಿ ಗೇಮ್ ತುಮಕೂರಿನ ನಮ್ಮನೆಯಲ್ಲಿ ಇವತ್ತಿಗೂ ಆನ್ ಆಗುತ್ತೆ. ಡಬ್ಬದ ಮೇಲೆ ಕಂಪನಿ ಹೆಸರೇ ಇರಲಿಲ್ಲ. ಅದು ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನೋ ಗೇಮ್ ಯಂತ್ರದ ನಕಲು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅಸಲಿ ಯಂತ್ರ ಮಸಾಯುಕಿ ಉಯೆಮುರಾ ಅವರ ತಂಡದ್ದು. 1983ರ ಜುಲೈ 15ರಂದು ಜಪಾನ್‌ನಲ್ಲಿ 14,800 ಯೆನ್‌ಗೆ ಮಾರಾಟಕ್ಕೆ ಬಂತು. 1985ರಲ್ಲಿ ಎನ್‌ಇಎಸ್ ಅನ್ನೋ ಹೆಸರಲ್ಲಿ ಅಮೆರಿಕಕ್ಕೂ ಹೋಯಿತು. ಎರಡೂ ಸೇರಿ ಮಾರಾಟವಾಗಿದ್ದು ಸುಮಾರು 6 ಕೋಟಿ 19 ಲಕ್ಷ ಯಂತ್ರ. ನಮ್ಮಂಥ ಮನೆಗಳಿಗೆ ಬಂದ ನಕಲುಗಳು ಆ ಲೆಕ್ಕದಲ್ಲಿಲ್ಲ.

ಆಟಗಳ ವಿಷಯಕ್ಕೆ ಪೂರ್ತಿ ಅಂಕ. ಮಾರಿಯೋ ಆಡುವಾಗ ಒಮ್ಮೆ ನಿಂತು ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ನೋಡಿ: ಆಕಾರ ಒಂದೇ, ಬಣ್ಣ ಮಾತ್ರ ಬೇರೆ. ಇಡೀ ಆಟವನ್ನು 40 ಕಿಲೋಬೈಟ್‌ನಲ್ಲಿ ಹಿಡಿಸಬೇಕಿತ್ತು, ಅದಕ್ಕೇ ಒಂದು ಚಿತ್ರಕ್ಕೆ ಎರಡು ಕೆಲಸ. ಯಂತ್ರದ ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಇಷ್ಟರಲ್ಲೇ ಅಷ್ಟು ದೊಡ್ಡ ಲೋಕ ಕಟ್ಟಿದವರನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತೆ.

ಕಾಂಟ್ರಾ ಅನ್ನೋ ಆಟದ ಕ್ಯಾಸೆಟ್ ಕೊಂಡಿದ್ದು ಸಿದ್ಧಗಂಗೆ ಜಾತ್ರೆಯಲ್ಲಿ. 'ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ' ಒತ್ತಿದರೆ ಮೂವತ್ತು ಲೈಫ್. ಅಕ್ಕ ಇದನ್ನು ಗಣಿತದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದಿಟ್ಟಿದ್ದಳು. ಈ ಕೋಡ್ ಮೊದಲು ಬಂದಿದ್ದು 1986ರ ಗ್ರೇಡಿಯಸ್ ಅನ್ನೋ ಆಟದಲ್ಲಿ. ತಾನೇ ತಯಾರಿಸುತ್ತಿದ್ದ ಆಟ ತನಗೇ ಕಷ್ಟವಾಗಿ, ಪರೀಕ್ಷೆ ಮಾಡಲಿಕ್ಕೆಂದು ಆಟ ತಯಾರಿಸುವ ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ ಸೇರಿಸಿಕೊಂಡಿದ್ದು. ಅಂದಹಾಗೆ, '9999999 ಇನ್ 1' ಅಂತ ಬರೆದ ಕ್ಯಾಸೆಟ್ ನಂಬಬೇಡಿ. ನಮ್ಮದರಲ್ಲಿದ್ದ ಬೇರೆ ಬೇರೆ ಆಟ ಹತ್ತೂ ಇರಲಿಲ್ಲ, ಉಳಿದದ್ದೆಲ್ಲ ಅವೇ ಮತ್ತೆ ಮತ್ತೆ.

ಇನ್ನು ರಿಪೇರಿ. ಮೊದಲು ಹೋಗಿದ್ದು 9 ವೋಲ್ಟ್ ಅಡಾಪ್ಟರ್, ಎರಡನೇ ವರ್ಷಕ್ಕೇ. ಆಮೇಲೆ ರಿಮೋಟ್: ಗುಂಡಿ ಕೆಳಗಿನ ರಬ್ಬರ್‌ಗೆ ಅಂಟಿದ ಕಪ್ಪು ಕಾರ್ಬನ್ ಸವೆದು, ಎಷ್ಟು ಒತ್ತಿದರೂ ಮಾರಿಯೋ ಹಾರುತ್ತಿರಲಿಲ್ಲ. ಹಾಳಾದ ಇನ್ನೊಂದು ರಿಮೋಟಿನ ರಬ್ಬರ್ ಹಾಕಿದೆ, ಸರಿಹೋಯಿತು. 2011ರಲ್ಲಿ ಪರದೆ ಮೇಲೆ ಅಲೆ ಅಲೆಯಾಗಿ ಗೆರೆ ಓಡತೊಡಗಿತು. ಸ್ಕ್ರೂ ಬಿಚ್ಚಿದರೆ ಒಳಗೆ ಅಂಗೈಯಷ್ಟು ಬೋರ್ಡು, ನಡುವೆ ಕರೀ ಅಂಟಿನ ಒಂದು ಬೊಟ್ಟು. ಚಿಪ್ ಇರುವುದು ಆ ಬೊಟ್ಟಿನ ಕೆಳಗೆ. ಪಕ್ಕದಲ್ಲಿ, ಕರೆಂಟು ಹಿಡಿದಿಡುವ ಕೆಪಾಸಿಟರ್ ಒಂದು ತಲೆ ಉಬ್ಬಿ ಕೂತಿತ್ತು. ರೇಡಿಯೋ ರಿಪೇರಿಯವರು ಹತ್ತು ರೂಪಾಯಿಗೆ ಬದಲಾಯಿಸಿಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಬೋರ್ಡು ಮುಟ್ಟಿಲ್ಲ.

ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದುತ್ತಿದ್ದೆವಲ್ಲ, ಅದನ್ನು ದಯವಿಟ್ಟು ಬಿಡಿ. ಉಸಿರಿನ ತೇವಕ್ಕೆ ಪಿನ್ನು ಕಪ್ಪಾಗುತ್ತೆ. ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆತ್ತಗೆ ಉಜ್ಜಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಹಾಕಿ.

ನನಗೆ ನಿಜಕ್ಕೂ ನೋವಾಗಿದ್ದು ಎಲ್‌ಇಡಿ ಟಿವಿ ಬಂದ ದಿನ. ಬಾತುಕೋಳಿ ಆಟದ ಗನ್ ಏನು ಮಾಡಿದರೂ ತಾಗಲಿಲ್ಲ. ಟ್ರಿಗರ್ ಎಳೆದಾಗ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳೀ ಚೌಕ ಮಿಂಚುತ್ತೆ. ಗನ್ನಿನ ಮೂತಿಯಲ್ಲಿರುವ ಸೆನ್ಸರ್ ಆ ಬೆಳಕನ್ನು ಹಿಡಿಯಬೇಕು. ಹೊಸ ಟಿವಿಯಲ್ಲಿ ಚಿತ್ರ ಬರುವುದೇ ಒಂದು ಕ್ಷಣ ತಡ. ಹಾಗಾಗಿ ಹಳೇ ಡಬ್ಬಾ ಟಿವಿಯನ್ನು ಗುಜರಿಗೆ ಹಾಕಲು ಅಮ್ಮನಿಗೆ ಬಿಡಲೇ ಇಲ್ಲ. ಅದು ರೂಮಿನಲ್ಲಿದೆ, ಭಾನುವಾರ ನನ್ನ ಮಗಳು ಬಾತುಕೋಳಿ ಹೊಡೆಯುವುದು ಅದರಲ್ಲೇ.

ಈಗ ಕೊಳ್ಳುವವರು ಕ್ಯಾಸೆಟ್ ಹಾಕುವ ಜಾಗ ಇದೆಯಾ ನೋಡಿ ಕೊಳ್ಳಿ. ಆಟ ಒಳಗೇ ತುಂಬಿಸಿ ಮುಚ್ಚಿದ ಯಂತ್ರ ಬೇಡ. ಎರಡನೇ ರಿಮೋಟ್ ತಪ್ಪದೇ ತಗೊಳ್ಳಿ. ಮನೆಯಲ್ಲಿ ಡಬ್ಬಾ ಟಿವಿ ಇಲ್ಲದಿದ್ದರೆ ಗನ್‌ಗೆ ದುಡ್ಡು ಹಾಕಬೇಡಿ.