ಅಪ್ಪನ ಫಾರಿನ್ ಪಿಸ್ತೂಲು, ನನ್ನ ಕಾನ್ಪುರ ರಿವಾಲ್ವರು

ಲೈಸೆನ್ಸ್ ಇದ್ದು ದಿನಾ ಸೊಂಟದಲ್ಲಿ ಕೋವಿ ಇಟ್ಟುಕೊಂಡು ಓಡಾಡುವವರಿಗೆ, ಅದೂ ನಮ್ಮ ಉಡುಪಿ, ಮಂಗಳೂರಿನ ಹವೆಯಲ್ಲಿ, ಪಿಸ್ತೂಲಿಗಿಂತ ರಿವಾಲ್ವರೇ ಸರಿ. ಪಿಸ್ತೂಲೆಂದರೆ ಹಿಡಿಯೊಳಗಿನ ಡಬ್ಬಿಯಿಂದ (ಮ್ಯಾಗಜಿನ್) ಗುಂಡು ತಾನಾಗಿ ಮೇಲೇರುವಂಥದ್ದು, ರಿವಾಲ್ವರೆಂದರೆ ತಿರುಗುವ ಉರುಳೆಯಲ್ಲಿ (ಸಿಲಿಂಡರ್) ಗುಂಡು ಕೂರುವಂಥದ್ದು. ಅಪ್ಪನಿಂದ ಬಂದ ಬೆಲ್ಜಿಯಂ ಮಾಡಿನ .32 (ನಳಿಗೆಯ ಅಳತೆ, ಇಂಚಿನಲ್ಲಿ) ಪಿಸ್ತೂಲು ಮಾರಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ತಂದಾಗ ಸೋದರಮಾವ ಮಾತು ಬಿಟ್ಟಿದ್ದರು. "ಫಾರಿನ್ ಮಾಲು ಕೊಟ್ಟು ಕಬ್ಬಿಣ ತಂದೆಯಲ್ಲ ಮಾರಾಯ" ಎಂದು ಈಗಲೂ ಊಟಕ್ಕೆ ಕೂತಾಗ ಚುಚ್ಚುತ್ತಾರೆ. ಚುಚ್ಚಲಿ. ಎರಡನ್ನೂ ವರ್ಷಗಟ್ಟಲೆ ಹೊತ್ತವನು ನಾನು.

ಎರಡನ್ನೂ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. 2019ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ ಕೋವಿ, ಮೊದಲು ಮೂರಿತ್ತು. ತೋಟಕ್ಕೆಂದು ಬೆಳೆ ರಕ್ಷಣೆಯ ಒಂಟಿ ನಳಿಗೆ ಕೋವಿ ನನ್ನಲ್ಲಿ ಉಂಟು, ಅದನ್ನು ಬಿಡುವ ಹಾಗಿಲ್ಲ. ಉಳಿದದ್ದು ಒಂದೇ ಜಾಗ. ಅಡಿಕೆ, ಗೇರುಬೀಜದ ವ್ಯಾಪಾರ ನಮ್ಮದು. ಸೀಸನ್ನಿನಲ್ಲಿ ಈಗಲೂ ನಗದು ಕೈ ಬದಲಾಗುತ್ತದೆ, ಸಂಜೆ ಹೊತ್ತು ಘಾಟಿಯ ಬುಡದ ರಸ್ತೆಯಲ್ಲಿ ಒಬ್ಬನೇ ಬರುವುದಿರುತ್ತದೆ. ಲೈಸೆನ್ಸ್ ಸಿಕ್ಕಿದ್ದೂ ಆ ಕಾರಣಕ್ಕೇ. 9 ಎಂಎಂ ಅಳತೆಯದ್ದು ನಮ್ಮಂಥ ಸಾಮಾನ್ಯರಿಗೆ ನಿಷಿದ್ಧ, ಹಾಗಾಗಿ ಆ ಚರ್ಚೆಯೇ ಇಲ್ಲ.

ಪಿಸ್ತೂಲಿನ ಗುಣ ಮೊದಲು ಹೇಳಿಬಿಡುತ್ತೇನೆ. ಚಪ್ಪಟೆ. ಅಂಗಿ ಇಳಿಬಿಟ್ಟರೆ ಇದೆಯೆಂದೇ ಗೊತ್ತಾಗದು. ಕೈಯಲ್ಲಿ ಹಿಡಿದರೆ ಅಂದ ಉಂಟು, ಟ್ರಿಗರ್ ಹಗುರ, ಗುರಿಯೂ ನನಗೆ ಅದರಲ್ಲೇ ಚೆನ್ನಾಗಿ ಕೂರುತ್ತಿತ್ತು.

ನನ್ನ ತಲೆ ತಿಂದದ್ದು ಬೇರೆಯೇ. ಪಿಸ್ತೂಲನ್ನು ನಂಬಬೇಕಾದರೆ ಹಾರಿಸಿ ನೋಡಬೇಕು, ಹಾರಿಸಲು ತೋಟೆ (ಮದ್ದು ತುಂಬಿದ ಗುಂಡು) ಬೇಕು, ತೋಟೆಗೆ ಸರ್ಕಾರದ ಲೆಕ್ಕ ಉಂಟು. ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ನನ್ನದರಲ್ಲಿ 25 ಮತ್ತು 50. ಹೊರದೇಶದವರು ಇನ್ನೂರು ಗುಂಡು ತೊಂದರೆಯಿಲ್ಲದೆ ಹೋದ ಮೇಲೆ ಸೊಂಟಕ್ಕೆ ಸಿಕ್ಕಿಸು ಎಂದು ಬುದ್ಧಿ ಹೇಳುತ್ತಾರೆ. ನನಗೆ ಅದು ನಾಲ್ಕು ವರ್ಷದ ಕೋಟಾ. ಆ ನಾಲ್ಕು ವರ್ಷ ದಾರಿಯಲ್ಲಿ ಯಾರಾದರೂ ಅಡ್ಡ ಹಾಕಿದರೆ ಬರಿಗೈ.

ಅಪ್ಪನ ಪಿಸ್ತೂಲು ರೇಂಜಿನಲ್ಲಿ ಆಗಾಗ ಕೈಕೊಡುತ್ತಿತ್ತು. ಖಾಲಿ ತೋಟೆ ಪೂರ್ತಿ ಹೊರಗೆ ಹಾರದೆ ಸ್ಲೈಡಿನ (ಹಾರಿಸಿದಾಗ ಹಿಂದೆ ಮುಂದೆ ಜಾರುವ ಮೇಲಿನ ಭಾಗ) ಬಾಯಲ್ಲಿ ನೆಟ್ಟಗೆ ನಿಂತುಬಿಡುವುದು. ಸ್ಪ್ರಿಂಗ್ ಸೋತಿತ್ತಾ, ಮ್ಯಾಗಜಿನ್ನಿನ ಬಾಯಿ ಬಗ್ಗಿತ್ತಾ, ತೋಟೆಯೇ ಮೆತ್ತಗಾಗಿತ್ತಾ? ನಾನು ಹಿಡಿಯುವ ರೀತಿಯಿಂದಲೂ ಹಾಗಾಗುತ್ತದಂತೆ, ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್ ಪೂರ್ತಿ ಹಿಂದೆ ಬಾರದು. ಕಾರಣ ಹುಡುಕಬೇಕಾದರೆ ಒಂದೊಂದನ್ನೇ ಬದಲಿಸಿ ಪ್ರತಿಸಲ ಹಾರಿಸಿ ನೋಡಬೇಕು. ಸ್ಪ್ರಿಂಗ್ ಬದಲಿಸಿದ ಮೇಲೆ ಒಂದು ಮ್ಯಾಗಜಿನ್ ಸಲೀಸಾಗಿ ಹೋಯಿತು. ಗುಣವಾಯಿತು ಎಂದು ಹೇಳುವುದು ಹೇಗೆ? ಮೊದಲೂ ಒಂದೊಂದು ಮ್ಯಾಗಜಿನ್ ಸಲೀಸಾಗಿಯೇ ಹೋಗುತ್ತಿತ್ತು. ಹೀಗೆ ನೋಡುತ್ತ ನೋಡುತ್ತ ವರ್ಷದ ಕೋಟಾ ಮುಗಿಯಿತು, ಅನುಮಾನ ಮುಗಿಯಲಿಲ್ಲ. 1980ರ ದಶಕದಲ್ಲಿ ಖಾಸಗಿಯವರ ಆಮದು ನಿಂತ ಮೇಲೆ ಇಂಥ ಪಿಸ್ತೂಲಿಗೆ ಅಸಲಿ ಬಿಡಿಭಾಗ ಸಿಗುವುದೂ ಅಪರೂಪ. ಲೈಸೆನ್ಸ್ ಇರುವ ರಿಪೇರಿಯವರು ಕೂರಿಸಿಕೊಟ್ಟದ್ದೇ ಸ್ಪ್ರಿಂಗು.

ರಿವಾಲ್ವರಿನಲ್ಲಿ ಈ ತಲೆಬಿಸಿ ಬಹುಪಾಲು ಇಲ್ಲ. ಒಂದು ತೋಟೆ ಠುಸ್ ಆದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಸಿಲಿಂಡರ್ ತಿರುಗಿ ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಾದರೆ ಎರಡೂ ಕೈ ಬೇಕು, ಸ್ಲೈಡ್ ಎಳೆದು ಕೆಟ್ಟದ್ದನ್ನು ಹೊರಹಾಕಬೇಕು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ, ತೋಟೆಗೆ ತೇವ ಹೊಡೆಯದೆ ಇರುತ್ತದಾ? ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿ ಒಂದು ಮಳೆಗಾಲ ಬಿಟ್ಟರೆ ಹಿತ್ತಾಳೆಯ ಸುತ್ತ ಹಸಿರು ಕಿಲುಬು. ಹಾಗಾಗಿ ನನಗೆ ಠುಸ್ ತೋಟೆಯ ಭಯವೇ ದೊಡ್ಡದು, ಆ ಭಯಕ್ಕೆ ರಿವಾಲ್ವರಿನ ಉತ್ತರವೇ ಚಿಕ್ಕದು.

ತುಕ್ಕಿನ ವಿಷಯದಲ್ಲಿ ಎರಡೂ ಒಂದೇ. ಬೆವರು, ಉಪ್ಪುಗಾಳಿ ಸೇರಿದರೆ ಯಾವ ಉಕ್ಕೂ ಉಳಿಯದು. ರಾತ್ರಿ ಹೋಲ್‌ಸ್ಟರಿನಿಂದ ತೆಗೆದು ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಟ್ಟು ಬೀಗ ಹಾಕುವುದು ನನ್ನ ಪದ್ಧತಿ. ಆಯುಧಪೂಜೆಯ ದಿನ ಗಂಧ ಹಚ್ಚುವವರಿಗೆ ಒಂದು ಮಾತು: ಅಪ್ಪನ ಪಿಸ್ತೂಲಿನ ಸ್ಲೈಡಿನ ಮೇಲೆ ಸಾಸಿವೆ ಕಾಳಿನಷ್ಟು ಗುಳಿ ಬಿದ್ದದ್ದು ಆ ಹಸಿ ಗಂಧದ ಬೊಟ್ಟಿನಿಂದಲೇ. ಮಾರುವಾಗ ಕೊಳ್ಳುವವನ ಉಗುರು ಸೀದಾ ಹೋಗಿ ನಿಂತದ್ದೂ ಅಲ್ಲೇ. ಹೂವು ಇಡಿ, ಸಾಕು.

ಚುನಾವಣೆ ಬಂದರೆ ಠಾಣೆಗೆ ಡಿಪಾಸಿಟ್. 2024ರ ಲೋಕಸಭೆ ಚುನಾವಣೆಗೆ ನಮ್ಮಲ್ಲಿ ಏಪ್ರಿಲ್ 26ಕ್ಕೆ ಮತದಾನ, ಎಣಿಕೆ ಜೂನ್ 4ಕ್ಕೆ. ವಾಪಸು ಸಿಗುವಾಗ ಮಳೆ ಶುರುವಾಗಿತ್ತು. ದಿನಾ ಒಯ್ಯುವ ಕೋವಿ ಎಂದು ಹೆಸರಿಗೆ ಮಾತ್ರ! ಆದರೆ ರಿವಾಲ್ವರಿನ ಒಂದು ಸುಖ ಗೊತ್ತಾದದ್ದು ಆ ಠಾಣೆಯ ಮೇಜಿನ ಎದುರೇ. ನನ್ನದು ನಡು ಮುರಿಯುವ ಮಾದರಿ, ಬ್ರಿಟಿಷ್ ಕಂಪನಿ ವೆಬ್ಲಿಯ ಹಳೇ ವಿನ್ಯಾಸದ ಜಾತಿ. ಚಿಲಕ ಒತ್ತಿ ನಳಿಗೆ ಕೆಳಗೆ ಬಗ್ಗಿಸಿದರೆ ಆರೂ ತೂತು ಎದುರಿಗೆ ಕಾಣುತ್ತವೆ. ಖಾಲಿ ಉಂಟಾ ಇಲ್ಲವಾ ಎಂದು ರಿಜಿಸ್ಟರ್ ಬರೆಯುವವರಿಗೆ ವಿವರಿಸುವುದೇ ಬೇಡ. ಪಿಸ್ತೂಲಿನಲ್ಲಿ ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯ ಬುಡದ ಚೇಂಬರಿನಲ್ಲಿ ಒಂದು ತೋಟೆ ಅಡಗಿರಬಹುದು. ಅಪ್ಪನದರಲ್ಲಿ ಹ್ಯಾಮರ್ (ಬಡಿಯುವ ಸುತ್ತಿಗೆ) ಹೊರಗೆ ಇರಲೇ ಇಲ್ಲ, ಕಾಕ್ ಆಗಿ ಹಾರಲು ಸಿದ್ಧವಿದೆಯೋ ಎಂದು ನೋಡಿ ತಿಳಿಯುವ ಹಾಗೂ ಇಲ್ಲ. ಮನೆಯಲ್ಲಿ ಮಕ್ಕಳಿರುವಾಗ ಇದು ಸಣ್ಣ ಮಾತಲ್ಲ.

ರಿವಾಲ್ವರಿನ ಕಿರಿಕಿರಿಗಳೂ ಉಂಟು. ಸಿಲಿಂಡರ್ ಉಬ್ಬು ಸೊಂಟಕ್ಕೆ ಒತ್ತುತ್ತದೆ, ಕಾರಿನ ಸೀಟ್ ಬೆಲ್ಟಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಬಿಗಿ, ನನ್ನ ಗುರಿ ಪಿಸ್ತೂಲಿನಷ್ಟು ಚೊಕ್ಕ ಕೂರುವುದಿಲ್ಲ. ಆರೇ ಗುಂಡು, ಮತ್ತೆ ತುಂಬಿಸುವುದು ನಿಧಾನ. ಪಂಚೆ ಉಟ್ಟ ದಿನ ಎರಡೂ ಬೇಡ, ಮನೆಯಲ್ಲೇ ಇರಲಿ. ಸಾರ್ವಜನಿಕ ಜಾಗದಲ್ಲಿ ಹೋಲ್‌ಸ್ಟರಿನೊಳಗೆ, ಪೂರ್ತಿ ಮುಚ್ಚಿ, ಹಿಡಿತದಲ್ಲಿಟ್ಟುಕೊಂಡು ಒಯ್ಯಬೇಕು ಎಂಬುದು 2016ರ ನಿಯಮ. ಬೆಲ್ಟಿಲ್ಲದೆ ಅದು ನಡೆಯದು.

ಹಣದ ಲೆಕ್ಕ ಕೇಳಿದರೆ ಮಾವನೂ ಸುಮ್ಮನಾಗುತ್ತಾರೆ. ಹಳೇ ಫಾರಿನ್ ಪಿಸ್ತೂಲಿಗೆ ಇಲ್ಲಿ ಗಿರಾಕಿ ಜಾಸ್ತಿ, ಹೊಸದು ಬರುವುದಿಲ್ಲವಲ್ಲ. ಮಣಿಪಾಲದ ರಜತಾದ್ರಿಗೆ, ಅಂದರೆ ಜಿಲ್ಲಾಧಿಕಾರಿ ಕಚೇರಿಗೆ, ಅಲೆದು ಅನುಮತಿ ಪಡೆದು 2022ರಲ್ಲಿ ಮಾರಿದೆ. ರಿವಾಲ್ವರಿನ ಬಿಲ್ಲು ಕಟ್ಟಿ ಉಳಿದದ್ದರಲ್ಲಿ ತೋಟಕ್ಕೆ ಹೊಸ ಪಂಪು ಬಂತು. ಆಗ ಜಿಎಸ್‌ಟಿ ಶೇಕಡಾ 28 ಇತ್ತು. 2025ರ ಸೆಪ್ಟೆಂಬರಿನಿಂದ 40 ಆಗಿದೆ.

ಬೇರೆ ಆಯ್ಕೆ ನೋಡಲಿಲ್ಲವೆಂದಲ್ಲ. 2014ರಲ್ಲಿ ಮಹಿಳೆಯರಿಗೆಂದು ಬಂದ ನಿರ್ಭೀಕ್ ರಿವಾಲ್ವರ್ ಅರ್ಧ ಕಿಲೋ ತೂಗುತ್ತದೆ, ಹೊರಲು ಸುಖ, ಆದರೆ ಶುರುವಿನಲ್ಲೇ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿತ್ತು. 2023ರ ಆಗಸ್ಟಿನಲ್ಲಿ ಬಂದ ರಿವಾಲ್ವರ್ ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ, 76 ಮಿಲಿಮೀಟರ್ ನಳಿಗೆ, 675 ಗ್ರಾಂ ತೂಕ. ನನ್ನ ಖರೀದಿ ಅಷ್ಟರಲ್ಲಿ ಮುಗಿದಿತ್ತು, ಬದಲಿಸಲು ಮತ್ತೆ ರಜತಾದ್ರಿ ಮೆಟ್ಟಿಲು ಹತ್ತುವ ಉಮೇದು ಇಲ್ಲ. ಸರ್ಕಾರಿ ಕಾರ್ಖಾನೆಯ .32 ಪಿಸ್ತೂಲು ಅಶನಿಯನ್ನು ದೊಡ್ಡಪ್ಪನ ಮಗ ಇಟ್ಟಿದ್ದಾನೆ, ಖುಷಿಯಾಗಿದ್ದಾನೆ. ಅವನು ರೈಫಲ್ ಕ್ಲಬ್ಬಿನ ಹುಳ, ಕೈ ಪಳಗಿದೆ. ಅಂಥವರು ಪಿಸ್ತೂಲೇ ತಗೊಳ್ಳಲಿ.

ಕೊಳ್ಳುವ ಮೊದಲು ಅಂಗಡಿಯಲ್ಲಿ ತೋಟೆಯ ಸ್ಟಾಕ್ ವಿಚಾರಿಸಿ. ಎರಡಕ್ಕೂ .32 ಎಂದೇ ಹೇಳುತ್ತಾರೆ, ಆದರೆ ರಿವಾಲ್ವರಿನದ್ದು ಬೇರೆ, ಪಿಸ್ತೂಲಿನದ್ದು ಬೇರೆ, ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ. ಅಪ್ಪ ಉಳಿಸಿಹೋದ ತೋಟೆಗಳನ್ನು ನಾನು ಪಿಸ್ತೂಲಿನ ಜೊತೆಗೇ ಅಂಗಡಿಗೆ ಒಪ್ಪಿಸಿ ಲೈಸೆನ್ಸಿನಲ್ಲಿ ನಮೂದು ಮಾಡಿಸಿಕೊಂಡೆ.