ಬಿಪಿ ಮಾತ್ರೆಗೆ ವಿಡಿಯೊ ಡಾಕ್ಟರ್: ಎರಡು ಮಳೆಗಾಲದ ಅನುಭವ

ಹೊಸನಗರದಿಂದಲೂ ಒಳಗಿರುವ ಊರು ನಮ್ಮದು. ಬಿಪಿ ಮಾತ್ರೆಯ ಚೀಟಿ ಬರೆಸಲು ಶಿವಮೊಗ್ಗಕ್ಕೆ ಹೋದರೆ ಅವತ್ತಿನ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಅಡಿಕೆ ಕೊಯ್ಲಿನ ಹೊತ್ತಲ್ಲಂತೂ ಆಗದ ಮಾತು. ಹಾಗಾಗಿ ತಿಂಗಳ ಚಂದಾ ಕಟ್ಟಿ ವಿಡಿಯೊದಲ್ಲಿ ಡಾಕ್ಟರ್ ಸಿಗುವ ಒಂದು ಆ್ಯಪ್ ಹಿಡಿದೆ. ಅದರ ಸೌಲಭ್ಯಗಳ ಪಟ್ಟಿ ಆ್ಯಪ್‌ನಲ್ಲೇ ಇದೆ, ಅದನ್ನು ಬಿಡುತ್ತೇನೆ.

ನನ್ನ ತಕರಾರು ಒಂದೇ. ಪ್ರತಿ ಸಲವೂ ಬೇರೆ ಡಾಕ್ಟರ್.

ಮೊದಲು ಸಿಕ್ಕವರು ನನ್ನ ಬಿಪಿ ಮಾತ್ರೆ ಆಮ್ಲೋಡಿಪಿನ್ 5 ಮಿಲಿಗ್ರಾಮ್ ಇದ್ದದ್ದನ್ನು 10ಕ್ಕೆ ಏರಿಸಿದರು. ಬಿಪಿ ಇಳಿಯಿತು, ಸುಳ್ಳು ಹೇಳಬಾರದು. ಆದರೆ ಸಂಜೆಯಾದರೆ ಪಾದ ಊದಿಕೊಳ್ಳಲು ಶುರುವಾಯಿತು. ಚಪ್ಪಲಿ ಬಾರಿನ ಅಚ್ಚು ಹಾಗೇ ಮೂಡುತ್ತಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಬಿದ್ದ ಗುಳಿ ಬೇಗ ತುಂಬುತ್ತಿರಲಿಲ್ಲ. ಮುಂದಿನ ಡಾಕ್ಟರ್ 'ಕಾಲು ಎತ್ತರದಲ್ಲಿಟ್ಟು ಮಲಗಿ' ಅಂದರು. ಅವರ ನಂತರದವರು ಮೂತ್ರ ಜಾಸ್ತಿ ಹೋಗುವ ಮಾತ್ರೆ ಬರೆದರು. ರಾತ್ರಿ ಎದ್ದೆದ್ದು ಓಡಾಡಿದ್ದಷ್ಟೇ, ಬಾವು ಇಳಿಯಲಿಲ್ಲ. ಫೋನಿನಲ್ಲಿ ಕಾಣುವುದು ಮುಖ ಮಾತ್ರ ಅಲ್ವಾ? ಕಾಲು ತೋರಿಸಿ ಅಂತ ಒಬ್ಬರೂ ಕೇಳಲಿಲ್ಲ. ಆಮ್ಲೋಡಿಪಿನ್ ಪ್ರಮಾಣ ಹೆಚ್ಚಾದಂತೆ ಕಾಲು ಊದುವುದೂ ಹೆಚ್ಚು, ಇದು ಎಲ್ಲ ಡಾಕ್ಟರಿಗೂ ಗೊತ್ತಿರುವ ವಿಷಯ. 10 ಬರೆದವರೇ ಮತ್ತೆ ಸಿಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಆಮೇಲೆ ಒಬ್ಬ ಮೇಡಂ ಸಿಕ್ಕರು. ನನ್ನ ಬಿಪಿ ಪುಸ್ತಕವನ್ನು ಕ್ಯಾಮೆರಾಗೆ ಹಿಡಿಯಲು ಹೇಳಿ ಒಂದೊಂದೇ ಪುಟ ಓದಿದರು. ಪಾದಕ್ಕೆ ಕ್ಯಾಮೆರಾ ತಿರುಗಿಸಿ, ಒತ್ತಿ ತೋರಿಸಲು ಹೇಳಿದರು. ಆಮ್ಲೋಡಿಪಿನ್ ಮತ್ತೆ 5ಕ್ಕೆ ಇಳಿಸಿ, ಜೊತೆಗೆ ಇನ್ನೊಂದು ಬಿಪಿ ಮಾತ್ರೆ, ಟೆಲ್ಮಿಸಾರ್ಟನ್ 40 ಸೇರಿಸಿದರು. ಮೂತ್ರದ ಮಾತ್ರೆ ನಿಲ್ಲಿಸಿದರು. ಎರಡು ವಾರ ಬಿಟ್ಟು ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು), ಪೊಟ್ಯಾಸಿಯಂ ನೋಡಿಸಲು ಹೇಳಿದರು. ಕೊನೆಗೆ 'ಊಟಕ್ಕೆ ಎಷ್ಟು ಅಪ್ಪೆಮಿಡಿ ಉಪ್ಪಿನಕಾಯಿ ಬೇಕು ನಿಮಗೆ? ಕವಳಕ್ಕೆ ತಂಬಾಕು ಹಾಕ್ತೀರಾ?' ಅಂತ ಕೇಳಿದರು. ನನಗೆ ಕಣ್ಣು ತುಂಬಿ ಬಂತು. ಉಪ್ಪು ಕಡಿಮೆ ಮಾಡಿ ಅಂತ ಎಲ್ಲರೂ ಹೇಳಿದ್ದರು. ನಮ್ಮ ತಟ್ಟೆಯಲ್ಲಿ ಉಪ್ಪು ಎಲ್ಲಿ ಕೂತಿದೆ ಅಂತ ಕೇಳಿದವರು ಇವರೊಬ್ಬರೇ. ಕಾಲು ಈಗ ಸರಿಯಾಗಿದೆ.

ಆ ಪುಸ್ತಕ ಬರೆಯುವುದು ನನಗೆ ಇಷ್ಟದ ಕೆಲಸ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮಾತ್ರೆಗೂ ಮುಂಚೆ, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರುತ್ತೇನೆ. ಪಾದ ನೆಲಕ್ಕೆ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಐದು ನಿಮಿಷ ಸುಮ್ನೆ ಕೂತು ಆಮೇಲೆ ಯಂತ್ರದ ಗುಂಡಿ ಒತ್ತುವುದು. ಅಷ್ಟೊತ್ತು ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆಯುತ್ತೇನೆ. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯ ಅಳತೆಗೆ 135/85 ಗಡಿ. ಇದನ್ನೂ ಆ ಮೇಡಮ್ಮೇ ಹೇಳಿದ್ದು.

ಬರೀ ಮಾತ್ರೆ ಮುಂದುವರಿಸಲು ಚೀಟಿ ಸಾಕು ಅನ್ನುವವರಿಗೆ ಸರ್ಕಾರದ್ದೇ ವಿಡಿಯೊ ಡಾಕ್ಟರ್ ಸೇವೆ ಇ-ಸಂಜೀವನಿ ಇದೆ, ದುಡ್ಡು ಕೊಡಬೇಕಿಲ್ಲ. ಆ್ಯಪ್‌ನಲ್ಲಿ ಮಾತ್ರೆ ಮನೆಗೆ ತರಿಸುವ ಸೌಲಭ್ಯವನ್ನು ನಾನು ಬಿಟ್ಟೆ. ಆಷಾಢದ ಮಳೆಯಲ್ಲಿ ಕೊರಿಯರ್ ನಂಬಿದರೆ ಮಾತ್ರೆ ತಪ್ಪುತ್ತದೆ. ಪೇಟೆಗೆ ಹೋದಾಗ ಜನೌಷಧಿ ಅಂಗಡಿಯಲ್ಲಿ ಮಳೆಗಾಲಕ್ಕಾಗುವಷ್ಟು ತಂದಿಡುತ್ತೇನೆ. ಬೆಲೆಯೂ ತುಂಬ ಕಡಿಮೆ.

ಐದಕ್ಕೆ ಮೂರು ನಕ್ಷತ್ರ. ಒಬ್ಬರೇ ಡಾಕ್ಟರನ್ನು ಆರಿಸಿಕೊಳ್ಳಲು ಬಿಟ್ಟರೆ ಐದೂ ಕೊಡುತ್ತೇನೆ. ಈಗ ಆ ಮೇಡಂ ಹೆಸರು ಕಾಣುವವರೆಗೆ ಕಾದು ಹೊತ್ತು ಗೊತ್ತುಮಾಡುತ್ತೇನೆ. ವರ್ಷದ ಚಂದಾ ಕಟ್ಟಿದರೆ ರಿಯಾಯಿತಿ ಅಂತ ಮೆಸೇಜ್ ಬರುತ್ತಲೇ ಇದೆ. ನಾನು ತಿಂಗಳು ತಿಂಗಳೇ ಕಟ್ಟುವುದು. ಆ ಮೇಡಂ ಬಿಟ್ಟು ಹೋದರೆ ನಾನೂ ಬಿಡುತ್ತೇನೆ.