ಲೆಕ್ಕಪತ್ರದ ಇಂಗ್ಲಿಷ್‌ಗೆ ಜರ್ಮನ್ ಪದ: ಲಿಯೋ, ಡೀಪ್‌ಎಲ್, ಯೂರ್‌ಲೆಕ್ಸ್‌ಗಳಲ್ಲಿ ಯಾವುದು?

ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಜರ್ಮನ್ ಕಲಿಯುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಆಗಾಗ ಕೇಳುತ್ತಾರೆ: ಬ್ಯಾಲೆನ್ಸ್ ಶೀಟ್ ಅನುವಾದ ಮಾಡುವಾಗ ಪದ ಎಲ್ಲಿ ಹುಡುಕಬೇಕು? ವಿದ್ಯಾನಗರದ ಮನೆಯಲ್ಲೇ ಕೂತು ಇದೇ ಕೆಲಸ ಮಾಡುವ ನಾನು ಈ ಮೂರನ್ನೂ ಬಳಸಿ ನೋಡಿದ್ದೇನೆ.

ಲಿಯೋ ಅನ್ನುವ ಆನ್‌ಲೈನ್ ನಿಘಂಟು ಉಚಿತ, ಬೇಗ ತೆರೆಯುತ್ತದೆ. ಆದರೆ ‘ಪ್ರಾವಿಷನ್’ ಅಂತ ಹಾಕಿದರೆ ಕಾನೂನಿನ ನಿಯಮ, ಪೂರೈಕೆ, ಲೆಕ್ಕದಲ್ಲಿ ತೆಗೆದಿಡುವ ಹಣ, ಎಲ್ಲಕ್ಕೂ ಪದಗಳು ಒಟ್ಟಿಗೇ ಬರುತ್ತವೆ. ವಿಷಯ ಗೊತ್ತಿದ್ದವರಿಗೆ ಮಾತ್ರ ಇದು ಸಾಕು.

ಯಂತ್ರಾನುವಾದ ಮಾಡುವ ಡೀಪ್‌ಎಲ್ ವಾಕ್ಯಗಳಿಗೆ ತುಂಬಾ ಒಳ್ಳೆಯದು. ನಿರ್ದೇಶಕರ ವರದಿಯಂಥ ಉದ್ದ ಬರಹದ ಮೊದಲ ಕರಡಿಗೆ ನಾನು ಅದನ್ನೇ ಹಿಡಿಯುತ್ತೇನೆ. ಆದರೆ ಕೋಷ್ಟಕದಲ್ಲಿ ‘ಸ್ಟಾಕ್’ ಅಂತ ಒಂದೇ ಪದ ಇದ್ದರೆ ಅದು ಷೇರೋ, ಗೋದಾಮಿನ ಸರಕೋ ಅಂತ ಊಹೆ ಮಾಡುತ್ತದೆ. ಇನ್ನೊಂದು ಮಾತು: ಇನ್ನೂ ಪ್ರಕಟವಾಗದ ಲೆಕ್ಕವನ್ನು ಅದರ ಉಚಿತ ಆವೃತ್ತಿಗೆ ಹಾಕಲೇಬೇಡಿ. ಅಲ್ಲಿ ಹಾಕಿದ ಬರಹವನ್ನು ಯಂತ್ರದ ತರಬೇತಿಗೂ ಬಳಸಬಹುದು.

ನನ್ನ ಮತ ಯೂರ್‌ಲೆಕ್ಸ್‌ಗೆ. ಇದು ಯುರೋಪಿಯನ್ ಒಕ್ಕೂಟದ ಕಾನೂನುಗಳ ತಾಣ. ಐಎಫ್‌ಆರ್‌ಎಸ್ ಎಂಬ ಅಂತರರಾಷ್ಟ್ರೀಯ ಲೆಕ್ಕದ ನಿಯಮಗಳು, ಅವುಗಳಲ್ಲಿ ಐಎಎಸ್ ಹೆಸರಿನ ಹಳೆಯವೂ ಸೇರಿ, 2023/1803 ಸಂಖ್ಯೆಯ ನಿಯಮಾವಳಿಯಲ್ಲಿವೆ. ಇಂಗ್ಲಿಷ್, ಜರ್ಮನ್ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬಹುದು. ಐಎಎಸ್ 37 ತೆರೆದರೆ ಪ್ರಾವಿಷನ್‌ಗೆ ‘ರ‍್ಯೂಕ್‌ಷ್ಟೆಲ್ಲುಂಗ್’, ಐಎಎಸ್ 2ರಲ್ಲಿ ಇನ್ವೆಂಟರಿಗೆ, ಅಂದರೆ ಗೋದಾಮಿನ ಸರಕಿಗೆ, ‘ಫೋರ್‌ರೇಟೆ’. ಆಡಿಟರ್ ಕೇಳಿದರೆ ತೋರಿಸಲು ಆಧಾರವೂ ಸಿಕ್ಕಿತು, ಅಲ್ವಾ? ಹುಡುಕಾಟ ನಿಧಾನ, ನಿಜ. ಆದರೆ ಆ ಸಮಯ ಸುಮ್ನೆ ಹೋಗುವುದಿಲ್ಲ.

ಒಂದು ಕಡೆ ಮಾತ್ರ ಯೂರ್‌ಲೆಕ್ಸ್ ಸಾಲದು. ಜರ್ಮನಿಯಲ್ಲಿ ಷೇರುಪೇಟೆಯ ಕಂಪನಿ ತನ್ನ ಇಡೀ ಗುಂಪಿನ ಲೆಕ್ಕವನ್ನು ಐಎಫ್‌ಆರ್‌ಎಸ್ ಪ್ರಕಾರ ಕೊಡುತ್ತದೆ. ಅದೇ ಕಂಪನಿಯ ಬಿಡಿ ಲೆಕ್ಕ ಅಲ್ಲಿನ ವಾಣಿಜ್ಯ ಕಾನೂನು ಎಚ್‌ಜಿಬಿ ಪ್ರಕಾರ. ಅದರ 266ನೇ ಕಲಮಿನಲ್ಲಿ ಬ್ಯಾಲೆನ್ಸ್ ಶೀಟಿನ ಸಾಲುಗಳ ಹೆಸರು, 275ರಲ್ಲಿ ಲಾಭನಷ್ಟದ ಸಾಲುಗಳ ಹೆಸರು ಬರೆದೇ ಇದೆ. ಅಲ್ಲಿ ರೆವೆನ್ಯೂ ಅಂದರೆ ‘ಉಮ್‌ಜಾಟ್ಸ್‌ಎರ್‌ಲ್ಯೋಜೆ’. ಐಎಫ್‌ಆರ್‌ಎಸ್ 15ರಲ್ಲಿ ಬರೀ ‘ಎರ್‌ಲ್ಯೋಜೆ’. ಹಾಗಾಗಿ ಪದ ಹುಡುಕುವ ಮೊದಲು ಲೆಕ್ಕ ಯಾವ ಪದ್ಧತಿಯದು ಅಂತ ಗಿರಾಕಿಯನ್ನು ಕೇಳಿ.

ಅಂಕಿಗಳನ್ನಂತೂ ಯಾವ ಸಾಧನಕ್ಕೂ ಬಿಡಬೇಡಿ. ನಮ್ಮ ಕಂಪನಿಗಳ 12,50,000 ಜರ್ಮನ್‌ನಲ್ಲಿ 1.250.000 ಆಗಬೇಕು. ಇಂಗ್ಲಿಷ್ ಬಿಲಿಯನ್, ಅಂದರೆ ನೂರು ಕೋಟಿ, ಅಲ್ಲಿ ‘ಮಿಲಿಯಾರ್ಡೆ’. ಜರ್ಮನ್‌ನಲ್ಲಿ ‘ಬಿಲಿಯೋನ್’ ಅಂತ ಬರೆದರೆ ಅದು ಲಕ್ಷ ಕೋಟಿ.